ಬಾಳಿಹಣ್ಣು ಕಟ್ಟಿ ಮ್ಯಾಲ, ಬೆಕ್ಕು ಹಡಗಿನ ಮ್ಯಾಲ

ನಂದೂರ

ಮೊದಲೇ ಹೇಳ್ಬಿಡ್ತೀನ್ರಿ, ಹೋದ ವರ್ಷದ ತನಕ ನಾ ಸಮುದ್ರ ನೋಡಿದಾಂವ ಅಲ್ಲ. ಕಲಬುರಗಿಲಿಂದ ಯಾವ ದಿಕ್ಕಿನ ಬಸ್ ಹತ್ತಿದ್ರೂ ಸಮುದ್ರ ಬರೋದ್ರಾಗ ಬುತ್ತಿ ಹಳಸ್ತದ. ಈಜು ಬರಂಗಿಲ್ಲ. ಹಡಗು ಅಂದ್ರ ಫೋನಿನ್ಯಾಗ ನೋಡಿದ್ದಷ್ಟೇ. ಆದ್ರ ಹಡಗಿನ ಬೆಕ್ಕಿನ ಬಗ್ಗೆ ಕೇಳ್ರಿ, ಮುಂಜಾನಿ ಚಾಕ್ಕ ಕುಂತಾಂವ ಮಧ್ಯಾಹ್ನ ಊಟಕ್ಕೇ ಏಳ್ತೀನಿ.

ಇದರ ಸುರುವಾತ ನಮ್ಮ ಕಾಕಾನ ದಾಲ್ ಮಿಲ್ಲಿನ್ಯಾಗ. ಕಲಬುರಗಿ ಬಾಜೂ ನಂದೂರಿನ್ಯಾಗ ಸಣ್ಣ ಮಿಲ್ಲು, ತೊಗರಿ ಒಡದು ಬ್ಯಾಳಿ ಮಾಡ್ತೇವಿ. ತೊಗರಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ನಮ್ಮ ಬೆಕ್ಕಿನ ಹೆಸರು ಸಾವ್ಕಾರ. ಬೂದಿ ಬಣ್ಣ, ದೊಡ್ಡ ತಲಿ. ಚೀಲದ ಥಪ್ಪಿ ಮ್ಯಾಲ ಕುಂತು ಎಲ್ಲಾರ ಕೆಲಸ ನೋಡ್ತಾನ, ತಾನು ಕೆಲಸ ಮಾಡೋದು ಯಾರೂ ನೋಡಿಲ್ಲ. ಆದ್ರ ಇಲಿ ಕಮಿ ಆಗ್ಯಾವ, ಅದು ಖರೇ. ಅವಂದೊಂದು ಚಟ ಅದ. ಹಮಾಲರು ಖಾಲಿ ಗೋಣಿಚೀಲ ನೆಲದ ಮ್ಯಾಲ ಎಳ್ಕೊಂಡು ಹೊಂಟ್ರ ಎಲ್ಲಿದ್ರೂ ಓಡಿ ಬಂದು ಅದರ ಮ್ಯಾಲ ಕುಂಡರ್ತಾನ, ಟಾಂಗಾ ಹತ್ತಿದಂಗ. ಮಿಲ್ಲಿನ ಈ ಬಾಗಿಲಿಂದ ಆ ಬಾಗಿಲ ತನಕ ಸವಾರಿ. ಹಮಾಲರೂ ಬೈಯಂಗಿಲ್ಲ. "ಸಾವ್ಕಾರ್ರ ಗಾಡಿ ಬಂತು, ಸರೀರಿ" ಅಂತಾರ.

ಒಂದಿನ ಕಾಕಾ ಸ್ಕೂಟರ್ ಚಾಲೂ ಮಾಡಿದ್ದ, ಸಾವ್ಕಾರ ಬರೋಬ್ಬರಿ ಗಾಲಿ ಮುಂದಿಂದ ಅಡ್ಡ ಹೋದ. ಕಾಕಾ ಸ್ಕೂಟರ್ ಬಂದ್ ಮಾಡಿ ನಿಂತುಬಿಟ್ಟ.

"ಅಲ್ಲೋ ಕಾಕಾ, ನೀನೇ ಸಾಕೀದಿ, ನೀನೇ ದಿನಾ ಹಾಲು ಹಾಕ್ತಿ, ಅದಕ್ಕೇ ಹೆದರ್ತಿಯಾ?" ಅಂದೆ.

"ಸಾಕೋದು ಬ್ಯಾರೆ, ಅಡ್ಡ ಹೋಗೋದು ಬ್ಯಾರೆ. ಶಾಣ್ಯಾ ಆಗಬ್ಯಾಡ, ನೀ ಮೊದಲ ದಾಟು."

ನಾ ದಾಟಿದೆ. ಆಮ್ಯಾಲ ಕಾಕಾ ಹೋದ. ನನಗೇನಾರ ಆದ್ರ ನಡೀತದ, ಅವಂಗ ಆಗಬಾರ್ದು, ಲೆಕ್ಕ ಅಷ್ಟೇ. ನಾ ಚೀಲದ ಮ್ಯಾಲ ಕುಂತು ಫೋನ್ ತಗದೆ. ಇಡೀ ದುನಿಯಾದಾಗ ಬೆಕ್ಕಿಗೆ ಹಿಂಗೇ ಹೆದರ್ತಾರೇನು ಅಂತ ಹುಡುಕಿದೆ. ಹುಡುಕಿದ್ರ ಸಿಕ್ಕಿದ್ದು ಹಡಗಿನವ್ರು. ಅವ್ರು ಬೆಕ್ಕಿಲ್ಲದ ಹಡಗು ಹತ್ತಾಕೇ ಹೆದರ್ತಿದ್ರಂತ!

ಅಲ್ಲಿಂದ ನನ್ನ ತಲಿ ಕೆಟ್ಟಿದ್ದು ಇನ್ನಾ ಸರಿ ಆಗಿಲ್ಲ. ನೋಡ್ರಿ, ಹಾಯಿ ಹಡಗು ಅಂದ್ರ ತೇಲೋ ದಾಲ್ ಮಿಲ್ಲೇ. ಹೊಟ್ಟ್ಯಾಗ ಕಾಳು, ಹಿಟ್ಟು, ಒಣ ಬಿಸ್ಕೀಟು. ಇಲಿ ಬರ್ದೇ ಇರ್ತಾವೇನು? ಬರೇ ಕಾಳು ತಿಂದ್ರ ಹೋಗ್ಲಿ, ಹಗ್ಗ ಕಡೀತಾವ, ಹಾಯಿ ಬಟ್ಟಿ ಕಡೀತಾವ. ನಡು ಸಮುದ್ರದಾಗ ಹಾಯಿ ಹರದ್ರ ಯಾವ ದರ್ಜಿ ಬರ್ತಾನ? ಅದಕ್ಕ ಬೆಕ್ಕು. ಹಿಂದಕ ಮೆಡಿಟರೇನಿಯನ್ ಬಂದರುಗಳ ಕಾಯ್ದೇದಾಗೇ ಇತ್ತಂತ, ಇಲಿ ಮಾಲು ಹಾಳು ಮಾಡಿದಾಗ ಹಡಗಿನ್ಯಾಗ ಬೆಕ್ಕಿರ್ಲಿಲ್ಲ ಅಂದ್ರ ಹಡಗಿನ ಮಾಲಕನೇ ಜವಾಬ್ದಾರ ಅಂತ. ಬೆಕ್ಕು ಹಿಂಗ ಹಡಗು ಹತ್ತಿ ಹತ್ತೇ ದುನಿಯಾ ತುಂಬ ಹಬ್ಬ್ಯಾದ. ಕಾಲಿಗೆ ಬೆರಳು ಜಾಸ್ತಿ ಇರೋ ಬೆಕ್ಕು ಇರ್ತಾವಲ್ಲ, ಅವು ಹಡಗಿನವ್ರಿಗೆ ಭಾಳ ಪ್ರೀತಿ. ಓಲಾಡೋ ಹಡಗಿನ್ಯಾಗ ಹಿಡತ ಛಲೋ ಅಂತ. ಆಸ್ಟ್ರೇಲಿಯಾದ ಸುತ್ತ ತಿರುಗಿ ನಕಾಶಿ ಬಿಡಿಸಿದ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ನನ ಬೆಕ್ಕು ಮರಿ ಇದ್ದಾಗ ಸಮುದ್ರಕ್ಕ ಬಿತ್ತಂತ. ಈಜಿ ಬಂದು, ಹಗ್ಗ ಹಿಡದು, ತಾನೇ ಮ್ಯಾಲ ಹತ್ತಿತಂತ. ಆ ಕ್ಯಾಪ್ಟನ್ ಅದರ ಜೀವನಚರಿತ್ರೆ ಬರದಾನ್ರಿ, ಬೆಕ್ಕಿಂದು! ನಾ ಇದನ್ನ ಕಾಕಾಗ ಹೇಳ್ದೆ. "ನಮ್ಮ ಸಾವ್ಕಾರಂದು ಬರದ್ರ ಅರ್ಧ ಪುಟ ಆಗ್ತದ, ಉಣ್ಣೋದು ಮಲಗೋದು" ಅಂದ.

ಹಿಂಗಿದ್ದಾಗ ಸವಿತಕ್ಕನ ಫೋನ್ ಬಂತು. ಸವಿತಕ್ಕ ನಮ್ಮಕ್ಕ, ಇಂಗ್ಲೆಂಡಿನ ಫಾಲ್ಮತ್ ಅನ್ನೋ ಬಂದರಿನ ಊರಾಗ ನರ್ಸ್ ಇದ್ದಾಳ.

"ಏ ಬಸ್ಯಾ, ಇಲ್ಲೊಂದು ಕಟ್ಟಿಗಿ ಹಡಗು ಅದ, ಹಾಯಿದು. ಮಂದೀನ ಒಂದಿನ ಸಮುದ್ರಕ್ಕ ಕರ್ಕೊಂಡು ಹೋಗಿ ಬರ್ತಾರ. ಅದರಾಗ ಒಂದು ಬೆಕ್ಕದ, ಕರೀದು. ಹಡಗಿಗೆ ಸೇರಿದ್ದು."

"ಖರೇನ ಅಕ್ಕ?"

"ಸುಳ್ಳು ಯಾಕ ಹೇಳ್ಲಿ? ಬರ್ತಿದ್ರ ಈ ಸಲಾನೇ ಬಾ. ರಜಾ ಹಾಕ್ತೀನಿ."

ಕಮಲಾಪುರ

ಹೋಗೋಕ್ಕಿಂತ ಮೊದಲ ಆಯಿಗೆ, ಅಂದ್ರ ನಮ್ಮಜ್ಜಿಗೆ, ಭೇಟಿ ಆಗಾಕ ಕಮಲಾಪುರಕ್ಕ ಹೋದೆ. ಬಸ್ ಇಳದ್ರ ಸಾಕು, ಕೆಂಪು ಬಾಳಿಗೊನಿ ತೂಗಹಾಕಿರ್ತಾರ, ಸಂಜಿ ಬಿಸಲಿಗೆ ತಾಮ್ರದ ಪಾತ್ರಿ ಹೊಳದಂಗ ಹೊಳೀತಾವ. ನಮ್ಮ ಆಯಿಗೆ ತನ್ನ ಊರಿನ ಬಾಳಿ ಬಿಟ್ಟು ಬ್ಯಾರೆ ಬಾಳಿ ಹಣ್ಣೇ ಅಲ್ಲ. ಹಳದಿ ಬಾಳಿ ಕಂಡ್ರ "ಕಾಮಣಿ ಆಗ್ಯಾದ ಅದಕ್ಕ" ಅಂತಾಳ.

"ಹಡಗು ಹತ್ತಾಂವ ನಮ್ಮ ಮನಿತನದಾಗ ನೀನೇ ಮೊದಲನ್ಯಾವ" ಅಂದ್ಳು ಆಯಿ. "ಬರಿಗೈಲೆ ಹತ್ತಬ್ಯಾಡ. ಟ್ರ್ಯಾಕ್ಟರ್ ತಂದಾಗ ಏನ್ ಮಾಡ್ದೇವು? ಕಾಯಿ ಒಡದೇವು, ಬಾಳಿಹಣ್ಣು ಇಟ್ಟೇವು. ಹಡಗು ಏನು ಟ್ರ್ಯಾಕ್ಟರಕ್ಕಿಂತ ಸಣ್ಣದೇನು?"

"ಆಯಿ, ಅದು ನಮ್ದಲ್ಲ, ಅವ್ರ ಹಡಗು."

"ಕುಂಡ್ರಾಂವ ನೀನಾ, ಅವ್ರಾ?"

ಆಯಿ ದೋರಗಾಯಿ ಇದ್ದಾಗ್ಲೇ ಎರಡು ಚಿಪ್ಪು ಆರಿಸಿ, ಒಣಗಿದ ಬಾಳಿ ಎಲಿದಾಗ ಸುತ್ತಿದ್ಳು. ಅದರ ಮ್ಯಾಲ ಒಂದು ಕೌದಿ ಸುತ್ತಿದ್ಳು. ಕೌದಿ ಸವಿತಕ್ಕಗ ಅಂತ ಬ್ಯಾಸಿಗಿ ತುಂಬ ಕುಂತು ಹೊಲದಿದ್ದು. ಹಳೀ ಸೀರಿ ತುಂಡು, ಮುತ್ಯಾನ ತಲಿ ಪಟಗಾದ ತುಂಡು, ನನ್ನ ಸಾಲಿ ಅಂಗಿದೂ ಒಂದು ತುಂಡು. "ಆ ಥಂಡಿ ದೇಶದಾಗ ಹುಡುಗಿ ಹ್ಯಾಂಗ ಮಲಗ್ತದೋ ಏನೋ. ಹಣ್ಣು ಹಡಗಿಗೆ, ಕೌದಿ ಅಕಿಗೆ. ಅದಲ ಬದಲ ಮಾಡಬ್ಯಾಡ ನೋಡು."

ಆಗಿದ್ದು ಬಿಲ್ಕುಲ್ ಅದಲ ಬದಲ. ಆದ್ರ ಅದು ಮುಂದ.

ಊರಿಂದ ಬಂದು ಬ್ಯಾಗ್ ಮಿಲ್ಲಿನ ಆಫೀಸಿನ್ಯಾಗ ಇಟ್ಟು ಸಾಮಾನು ತರಾಕ ಹೋಗಿದ್ದೆ. ಬಂದು ನೋಡ್ತೀನಿ, ಸಾವ್ಕಾರ ಕೌದಿ ಮ್ಯಾಲ ಕಾಲು ಚಾಚಿ ಮಲಗ್ಯಾನ. ಎಷ್ಟು ಝಾಡಿಸಿದ್ರೂ ಬೂದಿ ಕೂದಲಾ ಹೋಗ್ಲೇ ಇಲ್ಲ.

ವಿಮಾನ ಇಳದ ಮ್ಯಾಲ

ಲಂಡನ್ನಿನ್ಯಾಗ ಇಳದ್ಮ್ಯಾಲ ಬ್ಯಾಗ್ ತಪಾಸಣಿ ಮಾಡೋ ಮನಷ್ಯಾ ನನ್ನನ್ನೇ ಕರದ. ಬಾಳಿಹಣ್ಣು ತರಬಹುದು ಅಂತ ಸವಿತಕ್ಕ ಮೊದಲೇ ಕಾಯ್ದೆ ನೋಡಿ ಹೇಳಿದ್ಳು, ಅದಕ್ಕ ನನಗೇನೂ ಫಿಕರ್ ಇರ್ಲಿಲ್ಲ. ಅವ ಹಣ್ಣು ನೋಡಿ ತಲಿ ಆಡಿಸಿದ, ಪರವಾಗಿಲ್ಲ ಅಂದಂಗ. ಆಮ್ಯಾಲ ಕೌದಿ ಎತ್ತಿದ. ಒಂದು ಕೂದಲಾ ಹಿಡದು ದೀಪಕ್ಕ ಹಿಡದ.

"ಇದರಾಗ ಬೆಕ್ಕದ ಏನು?"

"ಇತ್ತು ಸರ್. ಈಗ ನಂದೂರದಾಗ ಅದ."

ಅವ ನಗ್ಲಿಲ್ಲ. ಬ್ಯಾಗಿನ ತಳದ ತನಕ ಕೈ ಹಾಕಿ ನೋಡಿದ, ಪ್ಯಾಂಟಿನ ಕಾಲಾಗೂ ಕೈ ಹಾಕಿದ. ಬೆಕ್ಕು ಸಿಗ್ಲಿಲ್ಲ ಅಂದಾಗ ಅವನ ಮಾರಿ ಮ್ಯಾಲ ಜರಾ ಬೇಜಾರೇ ಆದಂಗಿತ್ತು.

ಇನ್ನೊಂದು ಮಾತು. ಇಲ್ಲಿಂದ ಮುಂದ ಇಂಗ್ಲಿಷ್ ಮಂದಿ ಮಾತಾಡಿದ್ದನ್ನ ನಾ ನಮ್ಮ ಮಾತಿನ್ಯಾಗೇ ಬರೀತೀನಿ. ಅವ್ರ ಇಂಗ್ಲಿಷ್ ನನಗ ಅರ್ಧ ತಿಳೀತು, ಉಳಿದರ್ಧ ಸವಿತಕ್ಕ ಮೊಣಕೈಲೆ ತಿವಿದು ತಿಳಿಸಿದ್ಳು.

ಫಾಲ್ಮತ್

ರೈಲು ಬದಲಿ ಮಾಡಿ, ಕಡೀಗೊಂದು ಸಣ್ಣ ರೈಲಿನ್ಯಾಗ ಕುಂತು ಫಾಲ್ಮತ್ ಮುಟ್ಟಿದೆ. ಖಿಡಕಿ ಹೊರಗ ಒಮ್ಮೆಲೇ ನೀರು ಬಂತು. ಇಡೀ ಡಬ್ಬ್ಯಾಗ ನಾನೊಬ್ಬನೇ ಎದ್ದು ನಿಂತಿದ್ದು. ಬಾಜೂ ಕುಂತ ಮುದುಕಿ, "ನಿನ್ನ ಸ್ಟೇಷನ್ ಇನ್ನಾ ಬಂದಿಲ್ಲ" ಅಂದ್ಳು. "ಸ್ಟೇಷನ್ ಅಲ್ರಿ, ಸಮುದ್ರ ಬಂತಲ್ಲ" ಅಂದೆ. ಆಕಿ ಖಿಡಕಿ ನೋಡಿ, ನನ್ನ ನೋಡಿ, "ಹೌದಲ್ಲ, ಬಂದದ" ಅಂತ ತಾನೂ ಖುಷಿ ಆದ್ಳು. ದಿನಾ ನೋಡಿದ್ದನ್ನ ಇನ್ನೊಬ್ಬರ ಸಲುವಾಗಿ ಮತ್ತ ನೋಡೋ ಆ ಚಾಳಿ ನನಗ ಭಾಳ ಸೇರ್ತು. ನಾವು ಕಲಬುರಗಿ ಕೋಟಿ ಮುಂದಿಂದ ದಿನಾ ಹೋಗ್ತೇವಿ, ಎಂದರ ತಲಿ ಎತ್ತಿ ನೋಡೇವೇನು?

ಸವಿತಕ್ಕ ಸ್ಟೇಷನ್ನಿಗೇ ಬಂದಿದ್ಳು. ನನ್ನ ಕೈ ಹಿಡೀಲಿಲ್ಲ, ಮೊದಲ ಕೌದಿ ತಗೊಂಡು ಮಾರಿಗೆ ಒತ್ಕೊಂಡ್ಳು. "ಆಯಿ ಮನಿ ವಾಸನಿ" ಅಂದ್ಳು. ಆಮ್ಯಾಲ ಇನ್ನೊಮ್ಮೆ ಮೂಸಿ, "ಯಾವದೋ ಗಂಡಬೆಕ್ಕಿನ ವಾಸನಿನೂ ಬರ್ತದಲ್ಲೋ" ಅಂದ್ಳು.

ಆ ಊರಿನ ಮಂದಿ ತಪ್ಪು ಮಾಡ್ದೇ "ಸಾರಿ" ಅಂತಾರ. ನಾ ಅವ್ರ ಕಾಲು ತುಳದ್ರ ಅವ್ರೇ ಸಾರಿ ಅಂತಾರ. ನಮ್ಮ ಸೂಪರ್ ಮಾರ್ಕೆಟಿನ್ಯಾಗ ಕಾಲು ತುಳದ್ರ ನಿಮ್ಮ ಮೂರು ತಲಿಮಾರಿನ ವಿಚಾರಣಿ ಆಗ್ತದ. ಹವಾದ ಬಗ್ಗೆ ಅವ್ರ ಲೆಕ್ಕಾನೇ ಬ್ಯಾರೆ. ಜರಾ ಬಿಸಲು ಬಿದ್ರ ಅಂಗಿ ಬಿಚ್ಚಿ ಹುಲ್ಲಿನ ಮ್ಯಾಲ ಮಲಗ್ತಾರ, ನಾ ಸ್ವೆಟರ್ ಮ್ಯಾಲ ಸ್ವೆಟರ್ ಹಾಕ್ಕೊಂಡು ಹಲ್ಲು ಕಟಕಟ ಅನಸ್ತಾ ಅವ್ರ ನಡುವ ಹೊಂಟೀನಿ. "ನಮ್ಮ ಊರಾಗ ಏಪ್ರಿಲ್ ಮೇ ನೋಡಬೇಕು ನೀವು" ಅಂತ ಒಬ್ಬಾಂವಗ ಹೇಳ್ದೆ. ಎಷ್ಟು ಶಕಿ ಇರ್ತದ ಅಂತ ಕೇಳ್ದ. ಹೇಳ್ದೆ. ಅವ ಸಾರಿ ಅಂದ.

ಅಲ್ಲಿ ಪ್ಯಾಸ್ಟಿ ಅಂತ ಮಾಡ್ತಾರ, ನಮ್ಮ ಕರಿಗಡಬಿನ ದೊಡ್ಡಣ್ಣ. ಒಳಗ ಆಲೂಗಡ್ಡಿ, ಅಂಚು ಬರೋಬ್ಬರಿ ಹಂಗೇ ಹೆಣದಿರ್ತದ. ಬಂದರದಾಗ ನಿಂತು ಬಾಯಿ ತಗದೆ. ಹಿಂದಿಂದ ಬಿಳಿ ಪಕ್ಷಿ ಒಂದು, ಗಲ್ ಅಂತಾರ ಅದಕ್ಕ, ಸರ್ರಂತ ಬಂದು ಪೂರಾ ಪ್ಯಾಸ್ಟಿನೇ ಎತ್ಕೊಂಡು ಹೋತು. ನಮ್ಮ ಶರಣಬಸವೇಶ್ವರ ಕೆರಿ ದಂಡಿ ಮ್ಯಾಲಿನ ಕಾಗಿ ಎಷ್ಟು ಮರ್ಯಾದಸ್ತ ಅಂತ ಆವತ್ತು ತಿಳೀತು. ಕಾಗಿ ಕನಿಷ್ಠ ನೀ ಕೆಳಗ ಇಡೋ ತನಕ ಕಾಯ್ತದ.

ಕಟ್ಟಿ ಮ್ಯಾಲ

ಹಡಗು ಹತ್ತೋ ದಿನ ಬಂತು. ಇದರಾಗ ಒಂದು ಪೇಚದ, ಮೊದಲೇ ಹೇಳ್ತೀನಿ. ಆ ವರ್ಷದ ಕಡೀ ಪ್ರಯಾಣ ಅದು. ಮರುದಿನ ಹಡಗು ರಿಪೇರಿಗೆ ದಂಡಿ ಮ್ಯಾಲ ಏರ್ತದ, ಥಂಡಿಗಾಲ ಮುಗಿಯೋ ತನಕ ಇಳಿಯಂಗಿಲ್ಲ. ಅಂದ್ರ ನನಗ ಇವತ್ತೇ, ಇಲ್ಲಂದ್ರ ಇಲ್ಲ. ಇನ್ನೊಂದು, ಸಮುದ್ರದ ನೀರು. ನಮ್ಮ ಕೆರಿ ನೀರು ವರ್ಷಕ್ಕೊಮ್ಮೆ ಬ್ಯಾಸಿಗ್ಯಾಗ ಇಳೀತದ, ಅಲ್ಲಿ ದಿನಕ್ಕ ಎರಡು ಸಲ ಇಳೀತದ. ಹಡಗು ನಿಂತಿದ್ದು ಹಳೀ ಕಲ್ಲಿನ ಕಟ್ಟಿ ಬಾಜೂಕ. ನೀರು ಇಳದ್ರ ಕೆಳಗ ಬರೇ ರಾಡಿ, ಹಡಗು ಎಮ್ಮಿ ಹಂಗ ಅದರಾಗ ಕುಂತುಬಿಡ್ತದ. ನೀರು ಇರೋದ್ರಾಗ ಹೊಂಡಬೇಕು.

ಎರಡು ಹಾಯಿಕಂಬದ ಹಡಗು, ಕರೀ ಬಣ್ಣ, ಕೆಂಗಂದು ಹಾಯಿ. ಚಿತ್ರದಾಗ ನೋಡಿದಂಗೇ ಇತ್ತು, ಆದ್ರ ಚಿತ್ರಕ್ಕ ಡಾಂಬರಿನ ವಾಸನಿ ಇರಂಗಿಲ್ಲ. ನಾ ಒಂದು ಕೈಲೆ ಬಾಳಿಹಣ್ಣಿನ ಬ್ಯಾಗು, ಇನ್ನೊಂದು ಕೈಲೆ ಸವಿತಕ್ಕ ತಂದ ಟೆಂಗಿನಕಾಯಿ ಹಿಡ್ಕೊಂಡು ಹೊಂಟಿದ್ದೆ. ಕೌದಿನೂ ಬ್ಯಾಗಿನ್ಯಾಗೇ ಇತ್ತು. "ಸಮುದ್ರದ ಮ್ಯಾಲ ನೀ ಥಂಡಿಗೆ ಸಾಯ್ತಿ, ಹೊದ್ಕೊ" ಅಂತ ಅಕ್ಕನೇ ಹಾಕಿದ್ಳು.

ಅಷ್ಟರಾಗ ಕರೀ ಬೆಕ್ಕೊಂದು ಕಟ್ಟಿ ಮ್ಯಾಲಿಂದ ಬಂದು ಬರೋಬ್ಬರಿ ನನ್ನ ಮುಂದಿಂದ ಅಡ್ಡ ಹೋತು.

ಮತ್ತ ನಾ ನಿಂತುಬಿಟ್ಟೆ!

ಎಷ್ಟು ವರ್ಷ ಹಡಗಿನ ಬೆಕ್ಕು, ಹಡಗಿನ ಬೆಕ್ಕು ಅಂತ ತಲಿ ತಿಂದಾಂವ, ಅದನ್ನ ನೋಡಾಕ ಸಮುದ್ರ ದಾಟಿ ಬಂದಾಂವ, ಬೆಕ್ಕು ಬಂದ್ರ ಕಾಲು ತಾವೇ ನಿಂತ್ವು. ಹಿಂದಿಂದ ಯಾರರ ದಾಟ್ತಾರೇನು ಅಂತ ಹೊಳ್ಳಿನೂ ನೋಡಿದೆ. ಸವಿತಕ್ಕ ನೋಡಿದ್ರ ಆಕಿನೂ ನಿಂತಾಳ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ.

"ನೀ ದಾಟು" ಅಂದ್ಳು.

"ನೀ ದೊಡ್ಡಾಕಿ, ನೀ ದಾಟು."

ಹಡಗಿನ ಮ್ಯಾಲಿಂದ ಕ್ಯಾಪ್ಟನ್ ಡೆರೆಕ್ ಇದನ್ನ ನೋಡಾಕತ್ತಿದ್ರು. ಬಿಳೀ ಗಡ್ಡ, ಮೊಣಕಾಲು ಹರದ ಪ್ಯಾಂಟು, ನಮ್ಮ ಕಾಕಾನಷ್ಟೇ ದೊಡ್ಡ ಹೊಟ್ಟಿ. "ಯಾಕ ನಿಂತ್ರಿ?" ಅಂತ ಕೂಗಿದ್ರು. ನಾ ಖರೇ ಹೇಳ್ದೆ, ನಮ್ಮ ಕಡಿ ಬೆಕ್ಕು ಅಡ್ಡ ಹೋದ್ರ ಕೆಲಸ ಕೆಡ್ತದ ಅಂತಾರ. ಅವ್ರು ಹೊಟ್ಟಿ ಹಿಡ್ಕೊಂಡು ನಕ್ಕರು. "ಅಯ್ಯೋ ತಮ್ಮಾ, ಇಲ್ಲಿ ಕರೀ ಬೆಕ್ಕು ಅಡ್ಡ ಬಂದ್ರ ದಿನ ಬಂಗಾರ ಅಂತಾರ. ಹಿಂದಕ ಗಂಡಂದ್ರು ಸಮುದ್ರಕ್ಕ ಹೋದ್ರ ಹೆಂಡಂದ್ರು ಮನ್ಯಾಗ ಕರೀ ಬೆಕ್ಕು ಸಾಕ್ತಿದ್ರು, ಸುಖವಾಗಿ ಮನಿಗೆ ಬರ್ಲಿ ಅಂತ. ಇಂಥಾ ಮೂಢನಂಬಿಕಿ ಇಟ್ಕೋಬ್ಯಾಡ್ರಿ. ಬರ್ರಿ, ಬರ್ರಿ."

ನಾ ಖುಷಿಲೆ ಬ್ಯಾಗ್ ತಗದು ಬಾಳಿಹಣ್ಣು ತೋರಿಸಿದೆ. "ನಮ್ಮ ಆಯಿ ಕಳ್ಸ್ಯಾಳ್ರಿ, ಹಡಗಿನ ಪೂಜಾಕ್ಕ."

ಕ್ಯಾಪ್ಟನ್ ಮಾರಿ ಒಮ್ಮೆಲೇ ಬೆಳ್ಳಗಾತು. ಎರಡೂ ಕೈ ಮುಂದ ಮಾಡಿ, "ನಿಲ್ಲು! ಒಂದು ಹೆಜ್ಜಿ ಮುಂದ ಬರಬ್ಯಾಡ!" ಅಂದ್ರು.

ಬಾಳಿಹಣ್ಣು ಹಡಗಿನ್ಯಾಗ ಬಂದ್ರ ಕೆಡಕಂತ! ಮೀನು ಸಿಗಂಗಿಲ್ಲ, ಗಾಳಿ ತಿರುಗ್ತದ, ಹಡಗೇ ಹೋಗ್ತದ ಅಂತ. ಯಾಕ ಅಂತ ಕೇಳಿದ್ರ ಯಾರಿಗೂ ಬರೋಬ್ಬರಿ ಗೊತ್ತಿಲ್ಲ. ಗೊನ್ಯಾಗ ವಿಷದ ಜೇಡ ಇರ್ತಿದ್ವು ಅಂತ ಒಬ್ಬರು, ಮುಳಗಿದ ಹಡಗಿಂದ ಬರೇ ಬಾಳಿ ತೇಲಿ ಬರ್ತಿದ್ವು ಅಂತ ಇನ್ನೊಬ್ಬರು. ಕ್ಯಾಪ್ಟನ್ನರ ಕೈಕೆಳಗ ಜೆನ್ ಅನ್ನೋ ಹೆಣ್ಮಗಳು ಹಗ್ಗದ ಕೆಲಸ ನೋಡ್ತಿದ್ಳು. ಆಕಿ ಕಿವ್ಯಾಗ ಹೇಳಿದ್ಳು, "ಈಗಷ್ಟೇ ಮೂಢನಂಬಿಕಿ ಬ್ಯಾಡ ಅಂದ್ರಲ್ಲ, ಅದು ನಿಮ್ಮದಕ್ಕಷ್ಟೇ."

"ಕಾಯಿ ನಡೀತದೇನ್ರಿ?" ಅಂತ ಸವಿತಕ್ಕ ಕೇಳಿದ್ಳು.

ಕ್ಯಾಪ್ಟನ್ ವಿಚಾರ ಮಾಡಿದ್ರು. "ಟೆಂಗಿನಕಾಯಿ ವಿರುದ್ಧ ನಾ ಏನೂ ಕೇಳಿಲ್ಲ."

ಹಿಂಗಾಗಿ ಬ್ಯಾಗನ್ನ ಕಟ್ಟಿ ಮ್ಯಾಲಿನ ಹಗ್ಗ ಇಡೋ ಶೆಡ್ಡಿನ್ಯಾಗ ಇಟ್ಟು ಬಂದೆ. ನಮ್ಮ ಜೋಡಿ ಟಿಕೀಟು ತಗೊಂಡಿದ್ದ ನಾಕಾರು ಪ್ರವಾಸಿಗಳು ಹತ್ತಿದ್ರು. ಇನ್ನೇನು ಹಗ್ಗ ಬಿಚ್ಚೋದು, ಕ್ಯಾಪ್ಟನ್ ಸುತ್ತ ನೋಡಿ ಕೇಳಿದ್ರು, "ಟ್ರೀಕಲ್ ಎಲ್ಲಿ?"

ಟ್ರೀಕಲ್ ಅಂದ್ರ ಆ ಬೆಕ್ಕು. ಟ್ರೀಕಲ್ ಅನ್ನೋದು ಅಲ್ಲಿಯ ಕರೀ ಪಾಕ, ನಮ್ಮ ಕಾಕಂಬಿ ಹಂಗ. ಆಕಿ ಹಡಗಿನ ಮ್ಯಾಲ ಇರ್ಲಿಲ್ಲ. ಬೆಕ್ಕಿಲ್ದ ಆ ಹಡಗು ಕಟ್ಟಿ ಬಿಡಂಗಿಲ್ಲ. ಬೆಕ್ಕು ಇಳದು ಹೋದ ಹಡಗಿಗೆ ಉಳಿಗಾಲ ಇಲ್ಲ ಅಂತ ಹಳೀ ಮಂದಿ ನಂಬಿದ್ರು, ಇದನ್ನ ನಾನೇ ಎಷ್ಟೋ ಸಲ ಓದಿದ್ದೆ. ಓದುವಾಗ ಮಜಾ ಬಂದಿತ್ತು. ಈಗ ಬರ್ಲಿಲ್ಲ.

ಎಲ್ಲಾರೂ ಹುಡುಕಿದ್ವಿ. ಜೆನ್ ಶೆಡ್ಡಿಂದ ಕೂಗಿದ್ಳು, "ಇಲ್ಲಿದ್ದಾಳ!" ಹೋಗಿ ನೋಡ್ತೀನಿ, ಟ್ರೀಕಲ್ ನನ್ನ ಬ್ಯಾಗಿನ್ಯಾಗ, ಆಯಿ ಕೌದಿ ಮ್ಯಾಲ, ಬಾಳಿಚಿಪ್ಪಿಗೆ ಬೆನ್ನು ಹಚ್ಚಿ ಕುಂತಾಳ. ಕೌದಿ ಮೂಸೋದು, ಗಲ್ಲ ತಿಕ್ಕೋದು, ಮತ್ತ ಮೂಸೋದು. ನಂದೂರಿನ ಸಾವ್ಕಾರನ ವಾಸನಿ ಇಷ್ಟು ದೂರ ಬಂದು ಯಾರಿಗೋ ಸೇರ್ತು ನೋಡ್ರಿ.

"ಎತ್ಕೊಂಡು ಹೋಗೋಣ" ಅಂತ ಕೈ ಚಾಚಿದೆ.

"ಮುಟ್ಟಬ್ಯಾಡ!" ಅಂದ್ರು ಕ್ಯಾಪ್ಟನ್. "ಎತ್ತಿ ತಂದ್ರ ಅದು ಲೆಕ್ಕಕ್ಕಿಲ್ಲ. ಕಟ್ಟಿಲಿಂದ ಹಡಗಿಗೆ ಹಾಕಿದ ಹಲಗಿ ತನ್ನ ಕಾಲಿಲೆ ತಾನೇ ಹತ್ತಿ ಬರಬೇಕು. ನಮ್ಮಪ್ಪನ ಕಾಲದಿಂದ ಹಿಂಗೇ."

ನೋಡ್ರಿ ಪೇಚು. ಬೆಕ್ಕು ಬ್ಯಾಗ್ ಬಿಡಂಗಿಲ್ಲ. ಬ್ಯಾಗಿನ್ಯಾಗ ಬಾಳಿ ಅದ, ಬಾಳಿ ಹಡಗಿಗೆ ಬರಂಗಿಲ್ಲ. ಬೆಕ್ಕನ್ನ ಮುಟ್ಟೋ ಹಂಗಿಲ್ಲ. ಕೆಳಗ ನೀರು ಇಳ್ಯಾಕತ್ತದ, ಕಟ್ಟಿ ಕಲ್ಲಿನ ಹಸೀ ಪಟ್ಟಿ ಅಗಲ ಆಗಾಕತ್ತದ. ಜೆನ್ ನೀರು ನೋಡೋದು, ಬೆಕ್ಕು ನೋಡೋದು. ಒಬ್ಬ ಪ್ರವಾಸಿ ಮೀನಿನ ಡಬ್ಬಿ ತಗದು ತೋರಿಸಿದ. ಟ್ರೀಕಲ್ ಅವನ ಕಡಿ ನೋಡಿದ್ಳು, ಮದವಿ ಆಹೇರಿಗೆ ಬಂದ ಹಳೀ ಸೀರಿ ನೋಡಿದಂಗ.

"ಮೊದಲ ಬಾಳಿ ಖಾಲಿ ಮಾಡ್ರಿ" ಅಂದ್ರು ಕ್ಯಾಪ್ಟನ್. "ಎಲ್ಲಾರೂ ಇಲ್ಲೇ ತಿನ್ರಿ, ನೆಲದ ಮ್ಯಾಲ."

ಹಂಗ ನಾವೆಲ್ಲಾ ಕಟ್ಟಿ ಮ್ಯಾಲ ನಿಂತು ಕಮಲಾಪುರದ ಕೆಂಪು ಬಾಳಿ ತಿಂದ್ವಿ. ಜೆನ್ ಒಂದು ತಿಂದು ಎರಡನೇದಕ್ಕ ಕೈ ಹಾಕಿದ್ಳು. "ಇದು ಬಾಳಿ ಆದ್ರ ಇಷ್ಟು ದಿನ ನಾವು ತಿಂದಿದ್ದು ಏನು?" ಅಂದ್ಳು. ಆಯಿ ಅಲ್ಲಿದ್ರ "ಕಾಮಣಿ ಆದದ್ದು" ಅಂತಿದ್ಳು. ತಿಂದ ಮ್ಯಾಲ ಕೈ ತೊಳೀಬೇಕು, ಬಾಯಿ ಮುಕ್ಕಳಿಸಬೇಕು, ಸಿಪ್ಪಿ ಕಟ್ಟಿ ಮ್ಯಾಲಿನ ಡಬ್ಬಿಗೇ ಹಾಕಬೇಕು, ಆಮ್ಯಾಲೇ ಹಡಗಿನ ಹತ್ತಿರ. ನಮ್ಮ ಓಣ್ಯಾಗ ಆಚಾರ್ರ ಮನಿ ಅಡಗಿಮನಿಗೆ ಹೋಗೋದೂ ಹಿಂಗೇ. ಮಡಿ ಅನ್ನೋದು ನಮ್ಮ ಕಡಿ ಅಷ್ಟೇ ಅದ ಅಂತ ತಿಳ್ಕೊಂಡಿದ್ದೆ.

ಬಾಳಿ ಮುಗೀತು. ಟ್ರೀಕಲ್ ಅಲುಗಾಡಲಿಲ್ಲ.

"ಇವತ್ತು ಆಗಂಗಿಲ್ಲ ಅನಸ್ತದ" ಅಂತ ಜೆನ್ ಮೆಲ್ಲಕ ಅಂದ್ಳು. ಅಕ್ಕ ನನ್ನ ಬೆನ್ನ ಮ್ಯಾಲ ಕೈ ಇಟ್ಳು. ಬರೇ ದಂಡಿ ಮ್ಯಾಲ ನಿಂತು ಹಡಗು ನೋಡಿ ಬಂದೆ ಅಂತ ಕಾಕಾಗ ಹ್ಯಾಂಗ ಹೇಳ್ಲಿ? "ಬೆಕ್ಕು ಅಡ್ಡ ಹೋಗಿತ್ತೇನು?" ಅಂತ ಕೇಳೇ ಕೇಳ್ತಾನ. ಹೋಗಿತ್ತಲ್ಲ!

ಕಾಕಾ ನೆನಪಾದ ಕೂಡ್ಲೇ ಮಿಲ್ಲು ನೆನಪಾತು. ಹಮಾಲರು ನೆನಪಾದ್ರು.

ನಾ ಬ್ಯಾಗಿನ ಬಾಯಿ ಪೂರಾ ತಗದು, ಕೌದಿ ಚುಂಗು ಹಿಡದು ಮೆಲ್ಲಕ ಎಳದೆ. ಕೌದಿ ನೆಲಕ್ಕ ಜಾರಿತು, ಮ್ಯಾಲ ಟ್ರೀಕಲ್. ಜರಾ ಎಳದೆ. ಆಕಿ ಉಗುರು ಊರಿದ್ಳು. ಇನ್ನಾ ಜರಾ ಎಳದೆ. ಆಕಿ ಬಾಲ ಸುತ್ಕೊಂಡು, ಎದಿ ಮುಂದ ಮಾಡಿ, ಅಂಬಾರಿ ಮ್ಯಾಲ ಕುಂತಂಗ ಕುಂತ್ಳು!

"ಏ ಬಸ್ಯಾ!" ಅಂತ ಸವಿತಕ್ಕ ಚೀರಿದ್ಳು. "ಅದು ಆಯಿ ನನಗ ಹೊಲದಿದ್ದೋ! ರಾಡ್ಯಾಗ ಎಳೀತಿಯಾ?"

"ತೊಳದು ಕೊಡ್ತೀನಿ ಅಕ್ಕ, ಈಗ ದಾರಿ ಬಿಡು! ಸಾವ್ಕಾರ್ರ ಗಾಡಿ ಬಂತು, ಸರೀರಿ!"

ಆಕಿ ದಾರಿ ಬಿಟ್ಳು. ನಾ ಹಿಂದ ಹಿಂದ ನಡಕೋತ ಕೌದಿ ಎಳೀತಾ ಹೊಂಟೆ, ಬೆಕ್ಕು ಸವಾರಿ, ಅದರ ಹಿಂದ ಕಾಯಿ ಹಿಡ್ಕೊಂಡು ಅಕ್ಕ, ಅಕ್ಕನ ಹಿಂದ ಪ್ರವಾಸಿಗಳು. ಬಂದರಿನ ಮಂದಿ ಚಾ ಕಪ್ ಹಿಡ್ಕೊಂಡು ಅಂಗಡಿ ಹೊರಗ ಬಂದ್ರು. ಬರೇ ಬಾಜಾ ಒಂದು ಕಮಿ.

ಹಲಗಿ ಮುಂದ ನಿಂತೆ. ಕ್ಯಾಪ್ಟನ್ ಬಂದು ಬಗ್ಗಿ ಕೌದಿ ಮೂಸಿದ್ರು. ಹುಬ್ಬು ಗಂಟಾತು. "ಇದಕ್ಕ ಬಾಳಿ ವಾಸನಿ ಅದ."

ಜೆನ್ ಮತ್ತ ಕೆಳಗ ನೀರು ನೋಡಿದ್ಳು.

ಆಗ ಟ್ರೀಕಲ್ ಎದ್ಳು. ಬೆನ್ನು ಕಮಾನು ಮಾಡಿ ಆಕಳಿಸಿದ್ಳು. ಕೌದಿಯಿಂದ ಇಳದು, ನನ್ನ ಮುಂದಿಂದ ಬರೋಬ್ಬರಿ ಅಡ್ಡ ಹೋಗಿ, ಹಲಗಿ ಹತ್ತಿ, ತನ್ನ ನಾಕೂ ಕಾಲಿಲೆ ಹಡಗಿನ ಮ್ಯಾಲ ಹೋದ್ಳು. ಅಲ್ಲಿ ನಿಂತು ಹೊಳ್ಳಿ ನೋಡಿದ್ಳು. ನನ್ನಲ್ರಿ, ಕೌದೀನ.

ಕ್ಯಾಪ್ಟನ್ ಗಡ್ಡ ತುರಿಸಿದ್ರು. "ಬಾಳಿ ವಾಸನಿ ಅದ ಖರೇ. ಆದ್ರ ಅದರ ಮ್ಯಾಲ ಬೆಕ್ಕು ಮಲಗ್ಯಾದಲ್ಲ. ಬೆಕ್ಕಿನ ಕೂದಲಾ ಹತ್ಯಾವ ಅಂದ್ಮ್ಯಾಲ ದೋಷ ಕಳೀತು. ತಗೊಂಡು ಬಾ."

ಇಂಥಾ ಪರಿಹಾರ ನಮ್ಮ ಕಡಿ ಶಾಸ್ತ್ರ ಕೇಳಾಕ ಹೋದ್ರೂ ಇಷ್ಟು ಜಲ್ದಿ ಸಿಗಂಗಿಲ್ಲ. ಸವಿತಕ್ಕ ಕಟ್ಟಿ ಕಲ್ಲಿಗೆ ಕಾಯಿ ಒಡದ್ಳು, ಒಂದೇ ಏಟಿಗೆ ಬರೋಬ್ಬರಿ ಎರಡು ಹೋಳು. ಬೆಕ್ಕು ಅಡ್ಡ ಹೋದ ದಾರಿ ಮ್ಯಾಲೇ ಕಾಲಿಟ್ಟು ನಾ ಹಲಗಿ ಹತ್ತಿದೆ. ಈ ಸಲ ನಿಲ್ಲಲಿಲ್ಲ.

ನೀರಿನ ಮ್ಯಾಲ

ಹಾಯಿ ಗಾಳಿ ಹಿಡಿಯೋ ಹೊತ್ತಿಗೆ ಆಗೋ ಸಪ್ಪಳ ಯಾವ ವಿಡಿಯೋದಾಗೂ ಇಲ್ರಿ. ಮಾಳಿಗಿ ಮ್ಯಾಲ ಒಣಾಕ ಹಾಕಿದ ದೊಡ್ಡ ಜಮಖಾನಿ ಬಿರುಗಾಳಿಗೆ ಫಟ್ ಅಂತದಲ್ಲ, ಹಂಗ ಒಂದು ಸಲ. ಆಮ್ಯಾಲ ಗಪ್ಪು. ಇಂಜಿನ್ ಬಂದ್. ಇಷ್ಟು ದೊಡ್ಡ ಸಾಮಾನು ಸಪ್ಪಳಿಲ್ದೇ ಹೊಂಟದ. ನನ್ನ ಕಣ್ಣಾಗ ನೀರು ಬಂತು. ಗಾಳಿಗೆ ಅಂತ ಅಕ್ಕಗ ಹೇಳ್ದೆ.

ಆ ಮಂದಿ ಹಡಗಿಗೂ "ಆಕಿ" ಅಂತಾರ, ಬೆಕ್ಕಿಗೂ "ಆಕಿ" ಅಂತಾರ. "ಆಕಿಗೆ ಇವತ್ತು ಗಾಳಿ ಸೇರಿಲ್ಲ" ಅಂದ್ರ ಯಾರಿಗೆ ಅಂತ ತಿಳಿಯಂಗಿಲ್ಲ. ಕ್ಯಾಪ್ಟನ್ ಚುಕ್ಕಾಣಿ ಹಿಡದು ಕಥಿ ಹೇಳಿದ್ರು. ಅವ್ರು ಹರೇದಾಗ ನೌಕಾಪಡ್ಯಾಗ ಇದ್ದಾಗ ಬೆಕ್ಕಿಗೆ ಸಣ್ಣ ಜೋಲಿ ಹೊಲದು ಕಟ್ಟಿದ್ರಂತ, ಮನಷ್ಯಾರ ಜೋಲಿ ಬಾಜೂಕ. ಬೆಕ್ಕು ಸೀನಿದ್ರ ಮಳಿ, ಹುಚ್ಚೆದ್ದು ಓಡಿದ್ರ ಗಾಳಿ ಅಂತ ಹೇಳ್ತಿದ್ರಂತ. ಐವತ್ತು ವರ್ಷದ ಹಿಂದ ಅಲ್ಲಿಯ ಸರ್ಕಾರ ಯುದ್ಧದ ಹಡಗಿಂದ ಬೆಕ್ಕನ್ನ ಇಳಿಸಿಬಿಡ್ತು, ಹುಚ್ಚುನಾಯಿ ರೋಗದ ಭಯಕ್ಕ. "ಇಳಿಸೋ ದಿನ ಜೋಲಿ ಬಿಚ್ಚಿದಾಂವ ನಾನೇ" ಅಂದ್ರು. "ಅದಕ್ಕೇ ಈ ಹಡಗು ತಗೊಂಡ ಮ್ಯಾಲ ಮೊದಲ ತಂದಿದ್ದು ಬೆಕ್ಕು. ಹಾಯಿ ಆಮ್ಯಾಲ ತಂದೆ. ನಾವು ದೂರ ಹೋಗಂಗಿಲ್ಲ, ದಂಡಿ ಕಾಣೋ ತನಕ ಅಷ್ಟೇ. ಹಂಗಾಗಿ ಬೆಕ್ಕಿಗೆ ಯಾರೂ ಬ್ಯಾಡ ಅನ್ನಂಗಿಲ್ಲ."

ನಾ ಇನ್ನಾ ನೂರು ಪ್ರಶ್ನೆ ಕೇಳಾಂವ ಇದ್ದೆ. ಆದ್ರ ಅಷ್ಟರಾಗ ದೂರದ ದಂಡಿನೇ ಮ್ಯಾಲಕ್ಕ ಹೋತು, ಕೆಳಕ್ಕ ಹೋತು, ಮತ್ತ ಮ್ಯಾಲಕ್ಕ ಹೋತು. ಕಮಲಾಪುರದ ಬಾಳಿನೂ ಅದರ ಜೋಡಿ. ಕಟಾಂಜನ ಹಿಡದು ಬಗ್ಗಿದೆ. ಜೆನ್ ಬಕೀಟು ಹಿಡ್ಕೊಂಡು ಓಡಿ ಬಂದ್ಳು.

"ನೋಡ್ದಿ?" ಅಂದ್ರು ಕ್ಯಾಪ್ಟನ್ ಭಾಳ ಸಮಾಧಾನಲೆ. "ಬಾಳಿಹಣ್ಣು ಹೊಟ್ಟ್ಯಾಗ ಇಟ್ಕೊಂಡು ಬಂದ್ರೂ ಹಡಗು ಬಿಡಂಗಿಲ್ಲ."

ಟ್ರೀಕಲ್ ಇದ್ಯಾವುದೂ ತನಗ ಸಂಬಂಧ ಇಲ್ಲ ಅನ್ನಂಗ ಕೆಳಗಿನ ಕೋಣ್ಯಾಗ ಕೌದಿ ಮ್ಯಾಲ ಮಲಗಿದ್ಳು. ಹಡಗು ಎಡಕ್ಕ ವಾಲಿದ್ರ ಎಡಕ್ಕ, ಬಲಕ್ಕ ವಾಲಿದ್ರ ಬಲಕ್ಕ, ತುಂಬಿದ ಕೊಡ ಅಲುಗಾಡಿದಂಗ ಮೈ ಸಡಿಲ ಬಿಟ್ಟು. ಬಗ್ಗಿ ಬಗ್ಗಿ ಸೋತು ಬಂದು ನಾನೂ ಆಕಿ ಬಾಜೂ ಮಲಗಿ, ಹಂಗೇ ಮೈ ಸಡಿಲ ಬಿಟ್ಟೆ. ಖರೇ ಹೇಳ್ತೀನ್ರಿ, ವಾಂತಿ ನಿಂತಿತು. ಯಾವ ಪುಸ್ತಕದಾಗೂ ಸಿಗದ ವಿದ್ಯಾ ಅದು, ಬೆಕ್ಕು ಕಲಿಸಿದ್ದು.

ದಂಡಿಗೆ ಬಂದ್ಮ್ಯಾಲ ಸವಿತಕ್ಕ ಕೌದಿ ತರಾಕ ಕೆಳಗ ಹೋದ್ಳು. ಭಾಳ ಹೊತ್ತಾದ್ಮ್ಯಾಲ ಬರಿಗೈಲೆ ಬಂದ್ಳು.

"ಕೌದಿ ಎಲ್ಲಿ ಅಕ್ಕ?"

"ಮಲಗ್ಯಾಳೋ. ಮುತ್ಯಾನ ಪಟಗಾದ ತುಂಡಿನ ಮ್ಯಾಲ ಗಲ್ಲ ಇಟ್ಕೊಂಡು ಮಲಗ್ಯಾಳ. ಎಬ್ಬಿಸಾಕ ಮನಸ್ಸಾಗ್ಲಿಲ್ಲ." ಆಮ್ಯಾಲ ಕ್ಯಾಪ್ಟನ್ ಕಡಿ ಹೊಳ್ಳಿ ಕೇಳಿದ್ಳು, "ಹಡಗು ರಿಪೇರ್ಯಾಗ ಇರೋ ತನಕ ಆಕಿ ಎಲ್ಲಿರ್ತಾಳ್ರಿ?"

"ನಮ್ಮ ಮನ್ಯಾಗ."

"ಹಂಗಾರ ನಾ ಡ್ಯೂಟಿ ಮುಗಿಸಿ ಆಗಾಗ ಬರ್ತೀನಿ. ಕೌದಿ ನೋಡಾಕ."

"ಚಾ ಇರ್ತದ" ಅಂದ್ರು ಕ್ಯಾಪ್ಟನ್. "ಬಾಳಿನೂ ತರಬಹುದು. ಮನಿ ಏನು ತೇಲಂಗಿಲ್ಲ."

ಮತ್ತ ಕಮಲಾಪುರ

ಬಂದ್ಮ್ಯಾಲ ಆಯಿ ಮೊದಲ ಕೇಳಿದ್ದು ಕೌದಿ. "ಸವಿತಾಗ ಬೆಚ್ಚಗಾತೇನು?"

ನಾ ಎಲ್ಲಾ ಹೇಳ್ದೆ. ಪೂಜಾದ ಬಾಳಿ ಮಂದಿ ಹೊಟ್ಟಿಗೆ, ಮೊಮ್ಮಗಳ ಕೌದಿ ಹಡಗಿಗೆ ಹೋತು ಅಂತ ಹೇಳ್ದೆ. ಅಕ್ಕ ವಾರಕ್ಕೊಮ್ಮೆ ಕ್ಯಾಪ್ಟನ್ ಮನಿಗೆ ಚಾಕ್ಕ ಹೋಗಾಕತ್ತಾಳ, ಆ ಊರಾಗ ಅಕಿಗೆ ತಿರುಗಾಡಾಕ ಒಂದು ಮನಿ ಆತು ಅಂತನೂ ಹೇಳ್ದೆ. ಆಯಿ "ಬಾಳಿಹಣ್ಣು ಕೆಡಕಂತ? ಎಂಥಾ ಹುಚ್ಚು ಮಂದಿನೋ ಯಪ್ಪಾ" ಅಂತ ಅಷ್ಟೇ ಅಂದ್ಳು.

ಸಂಜಿಮುಂದ ಆಯಿನ್ನ ಕರ್ಕೊಂಡು ಬಸ್ ಸ್ಟ್ಯಾಂಡ್ ಕಡಿ ಹೊಂಟಿದ್ದೆ. ಬಾಳಿ ಅಂಗಡಿ ಕೆಳಗಿಂದ ಒಂದು ಕರೀ ಬೆಕ್ಕು ಬಂದು, ಅವಸರ ಇಲ್ದೇ, ನಮ್ಮ ಮುಂದಿಂದ ಅಡ್ಡ ಹೋಗಿ ಗೋಡಿ ಬುಡಕ ಕುಂತಿತು. ಆಯಿ ನಿಂತ್ಳು.

"ಅಕಿ ಹಿಂಗೇ ಇದ್ಳೇನು?"

"ಹೂಂ ಆಯಿ. ಇದಕ್ಕಿಂತ ಕರೀ. ಆ ಊರಾಗ ಇದು ಅಡ್ಡ ಬಂದ್ರ ದಿನ ಬಂಗಾರ ಅಂತಾರ."

ಆಯಿ ಬೆಕ್ಕು ನೋಡಿದ್ಳು, ದಾರಿ ನೋಡಿದ್ಳು, ನನ್ನ ನೋಡಿದ್ಳು.

"ಹಡಗಿಗೆ ಛಲೋ ಇದ್ದೀತು. ಇದು ಕಮಲಾಪುರ. ನೀ ಮುಂದ ನಡಿ."

ನಾ ಮುಂದ ನಡದೆ. ಹಿಂದ ಆಯಿ ಚಪ್ಪಲಿ ಸಪ್ಪಳ ಬರ್ಲಿಲ್ಲ. ಹೊಳ್ಳಿ ನೋಡಿದ್ರ ಆಕಿ ಗೋಡಿ ಕಡಿ ಬಗ್ಗಿ ಬೆಕ್ಕಿಗೆ ಹೇಳಾಕತ್ತಿದ್ಳು:

"ನಿಮ್ಮಾಕಿ ಒಬ್ಬಾಕಿ ಅಲ್ಲಿ ನನ್ನ ಕೌದಿ ಹೊಡಕೊಂಡು ಕುಂತಾಳಂತ. ಬ್ಯಾಸಿಗಿ ತುಂಬ ಹೊಲದಿದ್ದದು. ನಿನಗ ಸಿಗಂಗಿಲ್ಲ, ಹೋಗು."